ಸೆಲ್ ಬದಲಿಸಿದ ಮೇಲೆ ಕಾರಿನ ರಿಮೋಟ್ ಕೀ ಕೆಲಸ ಮಾಡುತ್ತಿಲ್ಲವೇ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋಣಿಕೊಪ್ಪದಲ್ಲಿ ನನ್ನದು ವಾಚು, ರಿಮೋಟು, ರೇಡಿಯೋ ರಿಪೇರಿಯ ಸಣ್ಣ ಅಂಗಡಿ. ಮಳೆಗಾಲ ಹಿಡಿಯಿತೆಂದರೆ ಬಿಚ್ಚಿದ ಕೀ ಒಂದು ಕೈಯಲ್ಲಿ, ಹೊಸ ಸೆಲ್ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಜನ ಬರತೊಡಗುತ್ತಾರೆ. ಎಲ್ಲರದೂ ಒಂದೇ ಮಾತು: "ಅಣ್ಣಾ, ಹಳೇ ಸೆಲ್ ಇದ್ದಾಗ ನಾಲ್ಕು ಸಲ ಒತ್ತಿದರೆ ಒಂದು ಸಲವಾದರೂ ಬಾಗಿಲು ತೆಗೀತಿತ್ತು. ಹೊಸದು ಹಾಕಿದ ಮೇಲೆ ಪೂರ್ತಿ ಹೋಯಿತು." ಹೊಸ ಕೀಗೆ ಸಾವಿರಗಟ್ಟಲೆ ಹಣ ಕೊಡಬೇಕಾಗುತ್ತದೆ ಎಂಬ ಭಯ ಮುಖದಲ್ಲಿ ಕಾಣುತ್ತಿರುತ್ತದೆ. ಆದರೆ ಹೀಗೆ ಬಂದ ಕೀಗಳಲ್ಲಿ ಹೆಚ್ಚಿನವು ಅದೇ ದಿನ ಸರಿಯಾಗಿ ಮನೆಗೆ ಹೋಗಿವೆ. ಕೀ ಕೆಟ್ಟಿರುವುದು ಅಪರೂಪ. ಅದನ್ನು ಬಿಚ್ಚಿ ಮುಚ್ಚುವ ಆ ಎರಡು ನಿಮಿಷದಲ್ಲಿ ಏನೋ ಜಾರಿರುತ್ತದೆ, ಬಾಗಿರುತ್ತದೆ, ಇಲ್ಲವೇ ತಿರುಗಿರುತ್ತದೆ. ಹೊಸ ಕೀ ಕೊಳ್ಳುವ ಮೊದಲು ಅದನ್ನು ಹುಡುಕಲಿ ಎಂದು ಇಷ್ಟನ್ನೂ ಬರೆದಿದ್ದೇನೆ.

ಹೊಸ ಸೆಲ್ ಹಾಕಿದೆ, ಕೀ ಸತ್ತಂತೆಯೇ ಇದೆ. ಮೊದಲು ಏನು ನೋಡಬೇಕು?

ನಿಂತಿರುವ ಕೆಲಸ ಯಾವುದು ಎಂದು ನೋಡಿ. ಒಂದೇ ಪ್ಲಾಸ್ಟಿಕ್ ಚಿಪ್ಪಿನೊಳಗೆ ಬೇರೆ ಬೇರೆ ಕೆಲಸ ಮಾಡುವ ಎರಡು ಸಾಧನಗಳಿವೆ. ಒಂದು, ಬಾಗಿಲು ತೆಗೆದು ಹಾಕುವ ರಿಮೋಟ್. ಇದಕ್ಕೆ ಸೆಲ್ ಬೇಕು. ನಮ್ಮ ದೇಶದ ಕಾರುಗಳಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಕಾರಿಗೆ ಸುದ್ದಿ ಕಳಿಸುತ್ತದೆ. ಇನ್ನೊಂದು, ಎಂಜಿನ್ ಸ್ಟಾರ್ಟ್ ಆಗಲು ಅನುಮತಿ ಕೊಡುವ ಇಮೊಬಿಲೈಸರ್ ಚಿಪ್. ಇದಕ್ಕೆ ಸೆಲ್ಲೇ ಬೇಡ. ಇಗ್ನಿಷನ್ ಬೀಗದ ಸುತ್ತ ಒಂದು ತಾಮ್ರದ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಆ ಸುರುಳಿಯೇ ಇಮೊಬಿಲೈಸರಿಗೆ ಬೇಕಾದಷ್ಟು ಶಕ್ತಿಯನ್ನು ಗಾಳಿಯಲ್ಲೇ ದಾಟಿಸಿ, ಅದರ ಗುರುತನ್ನು ಓದಿಕೊಳ್ಳುತ್ತದೆ.

ಹಾಗಾಗಿ ಬಟನ್ ಕೆಲಸ ಮಾಡುತ್ತಿಲ್ಲ, ಆದರೆ ಕೀ ತಿರುಗಿಸಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ ಎಂದಾದರೆ ತೊಂದರೆ ಇರುವುದು ಸೆಲ್, ಅದಕ್ಕೆ ತಾಗುವ ತಗಡು ಅಂದರೆ ಕಾಂಟ್ಯಾಕ್ಟ್, ರಿಮೋಟಿನ ಬೋರ್ಡು ಇಷ್ಟರೊಳಗೆ. ಬಾಗಿಲು ತೆಗೆಯುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ ಎಂದಾದರೆ ಇಮೊಬಿಲೈಸರ್ ಚಿಪ್ ಎಲ್ಲಿದೆ ಎಂದು ಹುಡುಕಬೇಕು.

ಮನೆಯಲ್ಲಿ ಎರಡನೇ ಕೀ ಇದ್ದರೆ ಅದನ್ನೂ ಒತ್ತಿ ನೋಡಿ. ಅದೂ ಕೆಲಸ ಮಾಡದಿದ್ದರೆ ಕೀಗಳನ್ನು ಬಿಟ್ಟು ಕಾರನ್ನು ನೋಡಿ. ಒಂದು ಬಾಗಿಲೋ ಡಿಕ್ಕಿಯೋ ಸರಿಯಾಗಿ ಮುಚ್ಚದಿದ್ದರೆ, ಇನ್ನೊಂದು ಕೀ ಇಗ್ನಿಷನ್ನಿನಲ್ಲೇ ಉಳಿದಿದ್ದರೆ, ಹಲವು ಕಾರುಗಳು ರಿಮೋಟಿನ ಮಾತನ್ನೇ ಕೇಳುವುದಿಲ್ಲ.

ಬಾಗಿಲು ತೆಗೆಯಿತು. ಆದರೆ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ, ಮೀಟರ್ ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿದೆ. ಏಕೆ?

ಚಿಪ್ ಬಿದ್ದುಹೋಗಿದೆ ಎಂದೇ ಮೊದಲು ಎಣಿಸಿ. ಎಷ್ಟೋ ಮಾದರಿಗಳಲ್ಲಿ ಈ ಚಿಪ್ ಬೋರ್ಡಿಗೆ ಅಂಟಿಕೊಂಡಿರುವುದಿಲ್ಲ. ಕಪ್ಪು ಬೆಣೆಯಂತೆಯೋ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ನಳಿಕೆಯಂತೆಯೋ ಇರುವ ಅದು ಪ್ಲಾಸ್ಟಿಕ್ ಚಿಪ್ಪಿನ ಒಂದು ಗುಳಿಯಲ್ಲಿ ಸುಮ್ಮನೆ ಕೂತಿರುತ್ತದೆ. ಕೀ ಬಿಚ್ಚಿ ಮೇಜಿನ ಮೇಲೆ ಕುಟ್ಟಿದರೆ ಸಾಕು, ಗೊತ್ತೇ ಆಗದಂತೆ ಉದುರುತ್ತದೆ.

ಅಮ್ಮತ್ತಿ ಕಡೆಯ ಬೆಳೆಗಾರರೊಬ್ಬರು ಸೆಲ್ ಹಾಕುವಾಗ, ಹೇಗೂ ಬಿಚ್ಚಿದ್ದೇನಲ್ಲ ಎಂದು ಸವೆದ ಹಳೇ ಪ್ಲಾಸ್ಟಿಕ್ ಚಿಪ್ಪನ್ನೂ ಬದಲಿಸಿದರು. ಬೋರ್ಡನ್ನು ಹೊಸ ಚಿಪ್ಪಿಗೆ ಹಾಕಿ, ಹಳೆಯದನ್ನು ಕಸಕ್ಕೆ ಎಸೆದರು. ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಕಾರನ್ನು ಎಳೆದುಕೊಂಡು ಹೋಗಲು ಗಾಡಿ ಗೊತ್ತುಮಾಡಿ ಆಮೇಲೆ ನನಗೆ ಫೋನ್ ಮಾಡಿದರು. ನಾನು ಕೇಳಿದ್ದು ಒಂದೇ: ಹಳೇ ಚಿಪ್ಪು ಎಲ್ಲಿದೆ? ಅವರ ಮನೆಯವರು ಕಸದ ಗುಂಡಿಯಿಂದ ಅದನ್ನು ಹೆಕ್ಕಿ ತಂದರು. ಚಿಪ್ ಅದರ ಗುಳಿಯಲ್ಲೇ ಇತ್ತು. ಹೊಸ ಚಿಪ್ಪಿನ ಅದೇ ಜಾಗದಲ್ಲಿ ಕೂರಿಸಿದ್ದೇ ತಡ, ಕಾರು ಸ್ಟಾರ್ಟ್ ಆಯಿತು. ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ, ಕೀ ಬಿಚ್ಚುವಾಗ ಕೆಳಗೆ ಬಿಳಿ ಟವೆಲ್ ಹಾಸಿ, ಬಿಚ್ಚಿದ ತಕ್ಷಣ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಾರು ಸ್ಟಾರ್ಟ್ ಆಗುವವರೆಗೆ ಹಳೇ ಪ್ಲಾಸ್ಟಿಕ್ ಚಿಪ್ಪನ್ನು ಎಸೆಯಬೇಡಿ.

ಚಿಪ್ ನಿಜವಾಗಿಯೂ ಕಳೆದುಹೋಗಿದ್ದರೆ, ಆ ಕಾರಿಗೆ ಹೊಂದುವ ಹೊಸ ಚಿಪ್ ತಂದು ಪ್ರೋಗ್ರಾಂ ಮಾಡಿಸಲೇಬೇಕು. ಬೇರೆ ದಾರಿ ಇಲ್ಲ.

ಯಾವ ಸೆಲ್ ಹಾಕಬೇಕು? 2032 ಬದಲು 2025 ಹಾಕಿದರೆ ಏನಾಗುತ್ತದೆ?

ಸೆಲ್ಲಿನ ಮೇಲಿರುವ ಅಂಕಿಯೇ ಅದರ ಅಳತೆ. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಕೂಡ ಅಷ್ಟೇ ಅಗಲ, ಆದರೆ ದಪ್ಪ 2.5. ಸಿಆರ್2016ರ ದಪ್ಪ 1.6. ಸಿಆರ್1620 ಹದಿನಾರು ಮಿಲಿಮೀಟರ್ ಅಗಲದ ಚಿಕ್ಕ ಸೆಲ್. ಎಲ್ಲವೂ 3 ವೋಲ್ಟಿನವೇ ಆದ್ದರಿಂದ "ವೋಲ್ಟ್ ಒಂದೇ ಅಲ್ವಾ" ಎಂದು ಅಂಗಡಿಯಲ್ಲಿ ಇದ್ದದ್ದನ್ನು ಕೊಟ್ಟುಬಿಡುತ್ತಾರೆ. 2032 ಇರಬೇಕಾದ ಜಾಗಕ್ಕೆ 2025 ಹಾಕಿದರೆ ಅದು ಸಡಿಲವಾಗಿ ಕೂರುತ್ತದೆ, ಕೀ ಅಲ್ಲಾಡಿಸಿದಾಗ ಮಾತ್ರ ಕೆಲಸ ಮಾಡುತ್ತದೆ. 2025ರ ಜಾಗಕ್ಕೆ 2032 ತುರುಕಿದರೆ ಕಾಂಟ್ಯಾಕ್ಟಿನ ತಗಡು ಬಾಗುತ್ತದೆ; ಆಮೇಲೆ ಸರಿಯಾದ ಸೆಲ್ ಹಾಕಿದರೂ ತಾಗುವುದಿಲ್ಲ. ಬಿಚ್ಚಿದಾಗ ಹಳೇ ಸೆಲ್ಲಿನ ಅಂಕಿ ನೋಡಿ, ಅದನ್ನೇ ತನ್ನಿ. ಹಿಂದೆ ಯಾರೋ ತಪ್ಪು ಸೆಲ್ ಹಾಕಿರುವ ಸಾಧ್ಯತೆಯೂ ಇರುವುದರಿಂದ ಚಿಪ್ಪಿನ ಒಳಮೈಯಲ್ಲಿ ಅಥವಾ ಕಾರಿನ ಪುಸ್ತಕದಲ್ಲಿ ಬರೆದಿರುವ ಅಂಕಿಯೊಂದಿಗೆ ತಾಳೆ ನೋಡಿ.

ಎಲ್‌ಐಆರ್2032 ಎಂದು ಬರೆದದ್ದನ್ನು ಹಾಕಲೇಬೇಡಿ. ಅದು ಚಾರ್ಜ್ ಮಾಡುವ ಸೆಲ್. ತುಂಬಿದಾಗ 4.2 ವೋಲ್ಟ್ ಕೊಡುತ್ತದೆ. 3 ವೋಲ್ಟಿಗೆಂದು ಮಾಡಿದ ಬೋರ್ಡು ಅದನ್ನು ತಾಳುತ್ತದೆ ಎಂದು ಹೇಳಲಾಗದು.

ಹೊಸ ಸೆಲ್ಲೇ ಕೆಟ್ಟದ್ದಾಗಿರಬಹುದೇ?

ಖಂಡಿತ ಇರಬಹುದು. ಒಳ್ಳೆಯ ಹೊಸ ಸೆಲ್ಲನ್ನು ಮಲ್ಟಿಮೀಟರಿನಲ್ಲಿ ನೋಡಿದರೆ 3.2 ವೋಲ್ಟಿನ ಆಸುಪಾಸು ತೋರಿಸುತ್ತದೆ. 3ಕ್ಕಿಂತ ಕೆಳಗಿದ್ದರೆ ಅದು ಅಂಗಡಿಯ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸೆಲ್ಲೆಂದು ತಿಳಿಯಿರಿ. ಬಿಡಿಯಾಗಿ, ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದಿರುವ ಸೆಲ್ಲುಗಳು ಒಂದಕ್ಕೊಂದು ತಾಗಿ ಹೊಸದಿರುವಾಗಲೇ ಖಾಲಿಯಾಗಿರುತ್ತವೆ. ಮೊಹರು ಒಡೆಯದ ಪ್ಯಾಕಿನಲ್ಲಿರುವ, ದಿನಾಂಕ ಅಚ್ಚಾಗಿರುವ ಸೆಲ್ಲನ್ನೇ ಕೇಳಿ ತೆಗೆದುಕೊಳ್ಳಿ.

ಸುಮ್ಮನೆ ಇಟ್ಟಾಗಿನ ವೋಲ್ಟೇಜ್ ಪೂರ್ತಿ ನಂಬುವಂಥದ್ದಲ್ಲ. ಬಡಕಲು ಸೆಲ್ ಕೂಡ ಕೆಲಸವಿಲ್ಲದಾಗ 3 ವೋಲ್ಟ್ ತೋರಿಸಿ, ಬಟನ್ ಒತ್ತಿದ ಕೂಡಲೇ ಕುಸಿಯುತ್ತದೆ. ಸೆಲ್ಲನ್ನು ಬೋರ್ಡಿನಲ್ಲೇ ಇಟ್ಟು, ಮೀಟರಿನ ಎರಡು ಕಡ್ಡಿಗಳನ್ನು ಸೆಲ್ಲಿಗೆ ತಾಗಿಸಿ, ಬಟನ್ ಒತ್ತಿ ನೋಡಿ. ಒತ್ತಿದಾಗ 2.5ಕ್ಕಿಂತ ಕೆಳಗೆ ಜಾರಿದರೆ ಸೆಲ್ ಬದಲಿಸಿ. ಒತ್ತಿದರೂ ಮುಳ್ಳು ಚೂರೂ ಅಲುಗದಿದ್ದರೆ ಕರೆಂಟು ಬೋರ್ಡಿಗೆ ಹೋಗುತ್ತಲೇ ಇಲ್ಲದಿರಬಹುದು, ಕಾಂಟ್ಯಾಕ್ಟ್ ನೋಡಬೇಕು. ಚಳಿಯಲ್ಲಿ ಸೆಲ್ಲಿನ ಬಲ ಇನ್ನೂ ಕುಗ್ಗುತ್ತದೆ. ಮಡಿಕೇರಿಯವರ ಕೀ ಡಿಸೆಂಬರ್ ಬೆಳಿಗ್ಗೆ ಕೈಕೊಟ್ಟು, ಬಿಸಿಲೇರಿದ ಮೇಲೆ ಸರಿಯಾಗುವುದು ಇದರಿಂದಲೇ.

ಸೆಲ್ ಸರಿಯಾಗಿದೆ, ಅಂಕಿಯೂ ಸರಿ. ಇನ್ನೇನು ನೋಡಲಿ?

ಪ್ಲಸ್ ಗುರುತು ಇರುವ ಮುಖ ಯಾವ ಕಡೆಗಿದೆ ಎಂದು ನೋಡಿ. ಕೆಲವು ಕೀಗಳಲ್ಲಿ ಪ್ಲಸ್ ಮೇಲಕ್ಕೆ, ಕೆಲವಲ್ಲಿ ಕೆಳಕ್ಕೆ. ಅದಕ್ಕೇ ಬಿಚ್ಚಿದಾಗ ಫೋಟೋ ತೆಗೆಯಿರಿ ಎಂದದ್ದು.

ಆಮೇಲೆ ಕಾಂಟ್ಯಾಕ್ಟಿನ ತಗಡು. ಹಳೇ ಸೆಲ್ಲನ್ನು ಸ್ಕ್ರೂಡ್ರೈವರಿನಿಂದ ಎಬ್ಬುವಾಗ ಅತಿ ಹೆಚ್ಚು ಪೆಟ್ಟು ತಿನ್ನುವುದು ಇದೇ. ಮೈನಸ್ ಕಡೆಯ ನಾಲಿಗೆ ಚಪ್ಪಟೆಯಾಗಿದ್ದರೆ ಮರದ ಹಲ್ಲುಕಡ್ಡಿಯಿಂದ ಕೂದಲೆಳೆಯಷ್ಟು ಮೇಲಕ್ಕೆತ್ತಿ. ಅದು ಬೋರ್ಡಿಗೆ ಸೇರುವ ಜಾಗದಲ್ಲಿ ಬೆಸುಗೆ ಬಿರುಕು ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ತಗಡನ್ನು ಬೆರಳಿನಿಂದ ಒತ್ತಿ ಹಿಡಿದಾಗ ಮಾತ್ರ ಕೀ ಕೆಲಸ ಮಾಡುತ್ತದೆ ಎಂದಾದರೆ ಬೆಸುಗೆ ಬಿಟ್ಟಿದೆ. ಮೊಬೈಲ್ ರಿಪೇರಿ ಮಾಡುವ ಯಾರ ಬಳಿ ಹೋದರೂ ಐದು ನಿಮಿಷದಲ್ಲಿ ಮರುಬೆಸುಗೆ ಹಾಕಿಕೊಡುತ್ತಾರೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಗುಳಲಿ ಎಂದು ಕೆಲವು ಕಂಪನಿಗಳು ಸೆಲ್ಲಿನ ಮೇಲೆ ಕಹಿ ಲೇಪ ಬಳಿಯುತ್ತವೆ. ಒಳ್ಳೆಯ ಉದ್ದೇಶದ ಕೆಲಸವದು. ಆದರೆ ಆ ಲೇಪ ಕಾಂಟ್ಯಾಕ್ಟ್ ತಾಗುವ ಜಾಗದಲ್ಲಿದ್ದರೆ ಕೆಲವು ಸಾಧನಗಳಲ್ಲಿ ಕರೆಂಟು ಹರಿಯಲು ತಡೆಯಾಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಿಸಿ ಹಾಕಿ. ಬೆರಳಿನ ಎಣ್ಣೆಯ ಜಿಡ್ಡಿಗೂ ಇದೇ ಮದ್ದು. ಸೆಲ್ಲನ್ನು ಅಂಚಿನಲ್ಲಿ ಹಿಡಿಯಿರಿ. ಲೋಹದ ಚಿಮುಟದಲ್ಲಿ ಎರಡೂ ಮುಖ ಸೇರಿಸಿ ಹಿಡಿದರೆ ಶಾರ್ಟ್ ಆಗುತ್ತದೆ.

ಮಳೆಗಾಲದಲ್ಲೇ ಏಕೆ ಇಷ್ಟು ಕೀಗಳು ಕೆಡುತ್ತವೆ?

ಜೋರು ಮಳೆಯ ಕಕ್ಕಡ ತಿಂಗಳಲ್ಲಿ ನಮ್ಮ ಮನೆಗಳ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೇ ಬೂಸ್ಟು ಹಿಡಿಯುತ್ತದೆ. ಒದ್ದೆ ಜರ್ಕಿನ್ನಿನ ಜೇಬಿನಲ್ಲಿ ದಿನವಿಡೀ ತೋಟ ಸುತ್ತುವ ಕೀಯ ಗತಿಯನ್ನು ಹೇಳಬೇಕಾಗಿಲ್ಲ. ಬಟನ್ನಿನ ರಬ್ಬರ್ ಸೀಳಿದ್ದರೆ ನೀರು ನೇರ ಒಳಗಿಳಿಯುತ್ತದೆ. ಸೀಳದಿದ್ದರೂ ತೇವದ ಗಾಳಿ ಒಳಸೇರಿ ಕಾಂಟ್ಯಾಕ್ಟಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟುತ್ತದೆ. ಹಳೇ ಸೆಲ್ ಕೂತ ಜಾಗದಲ್ಲಿ ಹೇಗೋ ಒಂದು ಚುಕ್ಕಿಯಷ್ಟು ತಾಗಿಕೊಂಡಿರುತ್ತದೆ. ನೀವು ಸೆಲ್ ಎಬ್ಬಿ ಹೊಸದನ್ನು ಕೂರಿಸಿದಾಗ ಆ ಚುಕ್ಕಿ ತಪ್ಪಿ ಪುಡಿಯ ಮೇಲೆ ಕೂರುತ್ತದೆ. "ಹಳೇದರಲ್ಲಿ ಸ್ವಲ್ಪವಾದರೂ ಕೆಲಸ ಮಾಡ್ತಿತ್ತು" ಎಂಬ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಸೆಲ್ ತೆಗೆದಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಮೆತ್ತಗೆ ಉಜ್ಜಿ. ಗಟ್ಟಿ ಕಟ್ಟಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಪುಡಿ ಊದಿ, ಮತ್ತೆ ಒರೆಸಿ. ಮರಳು ಕಾಗದ ಬೇಡ. ತಗಡಿನ ಮೇಲಿನ ಲೇಪವೇ ಕಿತ್ತುಹೋಗಿ ಮುಂದಿನ ಮಳೆಗೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ.

ಕೀ ಕೊಳಕ್ಕೋ ತೋಡಿಗೋ ಬಿದ್ದಿದ್ದರೆ ಎತ್ತಿದ ಕೂಡಲೇ ಸೆಲ್ ತೆಗೆಯಿರಿ. ನೀರಿಗಿಂತ, ನೀರಿನೊಂದಿಗೆ ಸೇರಿದ ಕರೆಂಟು ಬೋರ್ಡನ್ನು ಬೇಗ ತಿನ್ನುತ್ತದೆ. ಆಲ್ಕೋಹಾಲಿನಲ್ಲಿ ತೊಳೆದು ಫ್ಯಾನಿನ ಗಾಳಿಗೆ ಒಂದು ದಿನ ಇಡಿ. ಬಟ್ಟೆ ಒಣಗಿಸುವ ಕೆಂಡದ ಅಗ್ಗಿಷ್ಟಿಕೆಯ ಹತ್ತಿರ, ಒಲೆಯ ಮೇಲಿನ ಅಟ್ಟದಲ್ಲಿ ಕೀ ಇಟ್ಟು ತಂದವರನ್ನು ನೋಡಿದ್ದೇನೆ. ಚಿಪ್ಪು ಸೊಟ್ಟಗಾಗಿ ಎರಡು ಹೋಳು ಕೂಡುವುದೇ ಇಲ್ಲ, ಹೊಗೆಯ ಜಿಡ್ಡು ಬೇರೆ. ಅಕ್ಕಿ ಡಬ್ಬಿಯೂ ಬೇಡ, ಅದರ ಹಿಟ್ಟು ಬಟನ್ನಿನ ಸಂದಿಗೆ ಹೋಗುತ್ತದೆ.

ಸೆಲ್ ತೆಗೆದಾಗ ಕೀ ಕಾರನ್ನು ಮರೆತುಬಿಡುತ್ತದೆಯೇ? ಒಂದು ನಿಮಿಷದೊಳಗೆ ಹಾಕಬೇಕಂತೆ, ಹೌದೇ?

ಬಹುತೇಕ ಕೀಗಳಲ್ಲಿ ಆ ಭಯ ಬೇಡ. ಗುರುತಿನ ಸಂಖ್ಯೆ ಕರೆಂಟು ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿರುತ್ತದೆ. ಸೆಲ್ ಇಲ್ಲದೆ ಒಂದು ವಾರ ಇಟ್ಟರೂ ಅದು ಅಲ್ಲೇ ಇರುತ್ತದೆ.

ತಪ್ಪುವುದು ಲೆಕ್ಕ. ಪ್ರತಿ ಸಲ ಬಟನ್ ಒತ್ತಿದಾಗಲೂ ರಿಮೋಟ್ ಹೊಸ ಗುಟ್ಟಿನ ಸಂಖ್ಯೆ ಕಳಿಸುತ್ತದೆ, ಒಳಗಿನ ಎಣಿಕೆ ಒಂದು ಮುಂದೆ ಹೋಗುತ್ತದೆ. ಕಾರೂ ಅದೇ ಎಣಿಕೆ ಇಟ್ಟುಕೊಂಡಿರುತ್ತದೆ. ಯಾರೋ ಕದ್ದು ಕೇಳಿ ಹಳೇ ಸಂಖ್ಯೆಯನ್ನೇ ಮತ್ತೆ ಕಳಿಸಿದರೆ ಬಾಗಿಲು ತೆರೆಯಬಾರದೆಂದು ಈ ಏರ್ಪಾಡು. ಹಲವು ರಿಮೋಟುಗಳಲ್ಲಿ ಬಳಕೆಯಾದ ಕೀಲಾಕ್ ಎಂಬ ಪದ್ಧತಿಯಲ್ಲಿ ಎಣಿಕೆ 16ರ ಒಳಗೆ ಮುಂದಿದ್ದರೆ ಕಾರು ನೇರವಾಗಿ ಒಪ್ಪುತ್ತದೆ. ಅದಕ್ಕಿಂತ ಮುಂದೆ ಹೋಗಿದ್ದರೆ ಸಾಲಾಗಿ ಎರಡು ಸಲ ಒತ್ತಿದಾಗ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಮಗು ಆಟವಾಡುತ್ತ ನೂರು ಸಲ ಒತ್ತಿದ್ದರೂ ಕಾರಿನ ಪಕ್ಕದಲ್ಲಿ ನಿಂತು ಎರಡು ಮೂರು ಸಲ ಒತ್ತಿದರೆ ಎಷ್ಟೋ ಕಾರುಗಳು ಸರಿಹೋಗುತ್ತವೆ.

ಹಾಗೂ ಆಗದಿದ್ದರೆ, ಇಗ್ನಿಷನ್ನಿಗೆ ಕೀ ಹಾಕಿ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಲಾಕ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿದು ನೋಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಹಲವು ಮಾದರಿಗಳಲ್ಲಿ ಮೊದಲು ರಿಮೋಟ್ ಒತ್ತಿ, ಒಂದು ನಿಮಿಷದೊಳಗೆ ಬಾಗಿಲಿನ ಬೀಗವನ್ನು ಕೀಯಿಂದಲೇ ತೆರೆಯುವ ಕ್ರಮವಿದೆ. ನಿಮ್ಮ ಕಾರಿನ ಕ್ರಮ ಅದರ ಪುಸ್ತಕದಲ್ಲಿ ಇರುತ್ತದೆ. ಬೇರೆ ಕಾರಿನ ವಿಡಿಯೋ ನೋಡಿ ಬಟನ್ನುಗಳನ್ನು ಹಿಂದೆ ಮುಂದೆ ಒತ್ತಬೇಡಿ; ಕೆಲವು ಮಾದರಿಗಳಲ್ಲಿ ಅಂಥ ಸರಣಿ ಇದ್ದ ರಿಮೋಟುಗಳನ್ನೇ ಅಳಿಸಿಹಾಕುತ್ತದೆ.

ನಮ್ಮದು ಸ್ಟಾರ್ಟ್ ಬಟನ್ ಕಾರು. ತೋಟದೊಳಗೆ ಸಿಕ್ಕಿಕೊಂಡಿದ್ದೇನೆ, ನೆಟ್‌ವರ್ಕ್ ಕೂಡ ಸರಿಯಿಲ್ಲ. ಏನು ಮಾಡಲಿ?

ಮೊದಲು ಬಾಗಿಲು. ನಿಮ್ಮ ಕೀಯೊಳಗೆ ಒಂದು ಲೋಹದ ಕೀ ಅಡಗಿದೆ. ಬದಿಯ ಸಣ್ಣ ಗುಂಡಿ ಸರಿಸಿ ಎಳೆದರೆ ಹೊರಬರುತ್ತದೆ. ಡ್ರೈವರ್ ಬಾಗಿಲಿನ ಹಿಡಿಯಲ್ಲಿ ಬೀಗದ ತೂತು ಕಾಣದಿದ್ದರೆ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಇರುತ್ತದೆ. ಹೀಗೆ ತೆರೆದಾಗ ಸೈರನ್ ಹೊಡೆದುಕೊಳ್ಳಬಹುದು, ಗಾಬರಿಯಾಗಬೇಡಿ; ಕಾರು ನಿಮ್ಮ ಕೀಯನ್ನು ಗುರುತಿಸಿದ ಮೇಲೆ ನಿಲ್ಲುತ್ತದೆ.

ಆಮೇಲೆ ಎಂಜಿನ್. ಮಾರುತಿ, ಹುಂಡೈ, ಟೊಯೋಟಾದ ಬಹಳಷ್ಟು ಮಾದರಿಗಳಲ್ಲಿ ಬ್ರೇಕ್ ಅಥವಾ ಕ್ಲಚ್ ತುಳಿದು, ಕೀಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಹಿಡಿದು ಬಟನ್ ಒತ್ತಬೇಕು. ಕೀಯಲ್ಲಿ ಸೆಲ್ಲೇ ಇಲ್ಲದಿದ್ದರೂ ಇದು ನಡೆಯುತ್ತದೆ, ಏಕೆಂದರೆ ಇಲ್ಲೂ ಇಮೊಬಿಲೈಸರಿಗೆ ಶಕ್ತಿ ಕೊಡುವುದು ಕಾರೇ. ಬೇರೆ ಕೆಲವು ಕಾರುಗಳಲ್ಲಿ ಲೋಟ ಇಡುವ ಗುಳಿಯಲ್ಲಿ, ಇನ್ನು ಕೆಲವಲ್ಲಿ ಸ್ಟೇರಿಂಗ್ ಕೆಳಗಿನ ಗುರುತಿನ ಬಳಿ ಕೀ ಇಡಬೇಕು. ಆ ಜಾಗ ಎಲ್ಲಿದೆ ಎಂದು ಇವತ್ತೇ ಮನೆಯಂಗಳದಲ್ಲಿ ನೋಡಿಟ್ಟುಕೊಳ್ಳಿ. ಓಣಿಯ ಎರಡು ಮೈಲಿ ಒಳಗೆ, ಸಂಜೆಗತ್ತಲಲ್ಲಿ, ಆನೆ ಓಡಾಡುವ ಜಾಗದಲ್ಲಿ ನಿಂತು ಪುಸ್ತಕ ತಿರುವುವ ಕಷ್ಟ ಯಾರಿಗೂ ಬರಬಾರದು. ಸಿದ್ದಾಪುರ, ಪಾಲಿಬೆಟ್ಟ ಕಡೆಯವರಿಗೆ ಇದನ್ನು ಕೈಮುಗಿದು ಹೇಳುತ್ತೇನೆ.

ಕೀಯನ್ನು ಫೋನ್ ಚಾರ್ಜರ್ ಅಥವಾ ಲ್ಯಾಪ್‌ಟಾಪ್ ಪಕ್ಕ ಇಟ್ಟಿದ್ದರೆ ದೂರ ಸರಿಸಿ ಇನ್ನೊಮ್ಮೆ ನೋಡಿ. ಅವುಗಳ ಗದ್ದಲದಲ್ಲಿ, ಕೀಯನ್ನು ಹುಡುಕಿ ಕಾರು ಕಳಿಸುವ ರೇಡಿಯೋ ಕರೆ ಕೀಗೆ ಕೇಳಿಸದೇ ಇರಬಹುದು.

ಕಾರಿನ ಬ್ಯಾಟರಿಯಿಂದಲೂ ಹೀಗಾಗುತ್ತದೆಯೇ?

ಆಗುತ್ತದೆ. ಮಳೆಗೆ ಹದಿನೈದು ದಿನ ಶೆಡ್ಡಿನಲ್ಲೇ ನಿಂತ ಕಾರುಗಳಲ್ಲಿ ಬಹಳ. ರಿಮೋಟಿನ ಮಾತು ಕೇಳುವ ರಿಸೀವರ್, ಬೀಗದ ಮೋಟಾರ್ ಎಲ್ಲಕ್ಕೂ ಕಾರಿನ 12 ವೋಲ್ಟ್ ಬ್ಯಾಟರಿಯೇ ಆಧಾರ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ಇರುತ್ತದೆ. 12ಕ್ಕೆ ಇಳಿದಿದ್ದರೆ ಖಾಲಿಯಾದಂತೆಯೇ. ಲೋಹದ ಕೀಯಿಂದ ಬಾಗಿಲು ತೆರೆದಾಗ ಒಳಗಿನ ದೀಪ ಮಂಕಾಗಿದ್ದರೆ ಕೀಯನ್ನು ಪಕ್ಕಕ್ಕಿಟ್ಟು ಬ್ಯಾಟರಿ ಚಾರ್ಜ್ ಮಾಡಿಸಿ.

ಹಾಕಿದ ಸೆಲ್ ಎರಡು ತಿಂಗಳಿಗೇ ಖಾಲಿ. ಏಕೆ?

ಒಂದು ಬಟನ್ ಸದಾ ಒತ್ತಿಕೊಂಡೇ ಇರಬಹುದು. ಬಿಗಿಯಾದ ಸಿಲಿಕಾನ್ ಕವರ್ ತೆಗೆದು ನೋಡಿ. ಬಟನ್ನಿನ ಕೆಳಗಿನ ಸ್ವಿಚ್ಚು "ಟಿಕ್" ಎನ್ನದಿದ್ದರೆ ಅದು ಅಂಟಿಕೊಂಡಿದೆ. ಸ್ಟಾರ್ಟ್ ಬಟನ್ ಕಾರಿನ ಕೀಯನ್ನು ಕಾರಿನ ಪಕ್ಕದ ಗೋಡೆಗೇ ನೇತುಹಾಕುತ್ತಿದ್ದರೆ, ಕಾರಿನ ಕರೆಗೆ ಓಗೊಡುತ್ತಲೇ ಅದರ ಸೆಲ್ ಸವೆಯಬಹುದು. ಮನೆಯೊಳಗೆ ಇಡಿ.

ಕೀ ಸಿಗ್ನಲ್ ಕೊಡುತ್ತಿದೆಯೇ ಎಂದು ಫೋನ್ ಕ್ಯಾಮೆರಾದಲ್ಲಿ ನೋಡಬಹುದೇ?

ಟಿವಿ ರಿಮೋಟಿಗೆ ಆಗುತ್ತದೆ, ಅದು ಇನ್‌ಫ್ರಾರೆಡ್ ಬೆಳಕು. ಈಗಿನ ಕಾರಿನ ಕೀ ರೇಡಿಯೋ ಅಲೆಯದ್ದು, ಕ್ಯಾಮೆರಾಕ್ಕೆ ಕಾಣದು. ಕೀಯ ಕೆಂಪು ದೀಪ ಹೊತ್ತಿದರೆ ಬೋರ್ಡಿಗೆ ಕರೆಂಟು ಬಂದಿದೆ ಎಂದಷ್ಟೇ ಅರ್ಥ. ಕೀ ಕೆಳಗೆ ಬಿದ್ದ ಹೊಡೆತಕ್ಕೆ, ಅಲೆ ಹುಟ್ಟಿಸಲು ಬೇಕಾದ ಒಳಗಿನ ಹರಳು (ಕ್ರಿಸ್ಟಲ್) ಒಡೆದಿದ್ದರೆ ದೀಪ ಹೊತ್ತಿಯೂ ಅಲೆ ಹೊರಡುವುದಿಲ್ಲ. ಕೀ ಮಾಡುವವರ ಬಳಿ ಇದನ್ನು ಪರೀಕ್ಷಿಸುವ ಸಣ್ಣ ಉಪಕರಣವಿರುತ್ತದೆ.

ಸರ್ವಿಸ್ ಸೆಂಟರಿಗೆ ಹೋಗಲೇಬೇಕಾದದ್ದು ಯಾವಾಗ?

ಚಿಪ್ ಕಳೆದಾಗ, ಬೋರ್ಡು ಒಡೆದಾಗ, ಮೇಲಿನ ಎಲ್ಲವನ್ನೂ ಮಾಡಿದ ಮೇಲೂ ಲೆಕ್ಕ ಹೊಂದದಿದ್ದಾಗ. ಹೋಗುವಾಗ ಆರ್‌ಸಿ, ನಿಮ್ಮ ಗುರುತಿನ ಚೀಟಿ, ಉಳಿದ ಎಲ್ಲ ಕೀಗಳು, ಕಾರು ಕೊಂಡಾಗ ಕೀ ಜೊತೆ ಬಂದಿದ್ದ ನಂಬರಿನ ತಗಡು ಒಯ್ಯಿರಿ. ಒಂದು ಕೀ ಕೆಲಸ ಮಾಡುತ್ತಿರುವಾಗ ಇನ್ನೊಂದನ್ನು ಮಾಡಿಸುವುದು ಸುಲಭ. ಇರುವ ಎರಡೂ ಹೋದ ಮೇಲೆ ಖರ್ಚೂ ಓಡಾಟವೂ ಹೆಚ್ಚು, ಕೆಲವೊಮ್ಮೆ ಕಾರನ್ನೇ ಮೈಸೂರಿಗೆ ಎಳೆಸಬೇಕಾಗುತ್ತದೆ. ವಿಮೆಯಲ್ಲಿ ಕೀ ಬದಲಿಯ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದೀರಾ ಎಂದೂ ಪಾಲಿಸಿ ನೋಡಿ.

ಮಗು ಸೆಲ್ ನುಂಗಿತೋ ಏನೋ ಎಂದು ಅನುಮಾನ. ಕಾದು ನೋಡಬಹುದೇ?

ಕಾಯಬೇಡಿ. ಇದನ್ನು ಓದುವವರೆಲ್ಲ ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ. 20 ಮಿಲಿಮೀಟರಿನ ಸೆಲ್ ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವಷ್ಟೇ ಅಗಲ. ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ಕರೆಂಟು ಹರಿದು, ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಒಳಗೆ ಸುಡಬಲ್ಲದು. ಕೀಗೆ ಸಾಲದಷ್ಟು ಖಾಲಿಯಾದ ಸೆಲ್ ಕೂಡ ಇಷ್ಟು ಹಾನಿ ಮಾಡುತ್ತದೆ. ಭಾಗಮಂಡಲದಂಥ ಊರಿನಿಂದ ಮಡಿಕೇರಿಯ ಜಿಲ್ಲಾ ಆಸ್ಪತ್ರೆ ತಲುಪಲೇ ಮಳೆಯಲ್ಲಿ ಒಂದು ಗಂಟೆ ಮೀರುತ್ತದೆ. ಕೂಡಲೇ ಹೊರಡಿ, 108ಕ್ಕೆ ಕರೆ ಮಾಡಿ, ಎಕ್ಸ್‌ರೇ ಬೇಕು ಎಂದು ಮೊದಲೇ ಹೇಳಿ. ವಾಂತಿ ಮಾಡಿಸಬೇಡಿ, ಅನ್ನ ಬಾಳೆಹಣ್ಣು ತಿನ್ನಿಸಬೇಡಿ.

ಮಗುವಿಗೆ ಒಂದು ವರ್ಷ ದಾಟಿದ್ದರೆ, ನುಂಗಿ 12 ಗಂಟೆ ಮೀರದಿದ್ದರೆ, ಮಗು ನುಂಗಬಲ್ಲದಾದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಹೆಚ್ಚೆಂದರೆ ಆರು ಸಲ. ಸುಡುವುದನ್ನು ಅದು ಸ್ವಲ್ಪ ತಡೆಯುತ್ತದೆ. ಜೇನು ಹುಡುಕುತ್ತ ಒಂದು ನಿಮಿಷವೂ ತಡಮಾಡಬೇಡಿ. ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು.

ತೆಗೆದ ಹಳೇ ಸೆಲ್ಲನ್ನು ಏನು ಮಾಡಲಿ?

ಎರಡೂ ಮುಖಕ್ಕೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಡಬ್ಬಿಯಲ್ಲಿ ಹಾಕಿಡಿ. ಒಲೆಗೆ, ಗೊಬ್ಬರದ ಗುಂಡಿಗೆ, ತೋಡಿಗೆ ಎಸೆಯಬೇಡಿ. ನಾಲ್ಕಾರು ಕೂಡಿದ ಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ. ಗೋಣಿಕೊಪ್ಪಕ್ಕೆ ಬಂದಾಗ ನನ್ನ ಅಂಗಡಿಗೇ ತಂದರೂ ಆಯಿತು. ಬಾಗಿಲ ಬಳಿ ಅದಕ್ಕೆಂದೇ ಒಂದು ಡಬ್ಬಿ ಇಟ್ಟಿದ್ದೇನೆ.